ಸಿಗರೇಟು ಮಡಿ, ಕಾಂಡೋಮು ಮೈಲಿಗೆ

1976ರ ಜುಲೈ 18. ಇಂಗ್ಲೆಂಡಿನ ಬ್ರ್ಯಾಂಡ್ಸ್ ಹ್ಯಾಚ್ ಟ್ರ್ಯಾಕ್. ಬ್ರಿಟಿಷ್ ಗ್ರ್ಯಾನ್ ಪ್ರಿ. ಊರ ಹುಡುಗ ಜೇಮ್ಸ್ ಹಂಟ್ ಒಂದು ಕಡೆ, ಫೆರಾರಿಯ ವಿಶ್ವ ಚಾಂಪಿಯನ್ ನಿಕಿ ಲೌಡಾ ಇನ್ನೊಂದು ಕಡೆ. ಮೊದಲ ತಿರುವಿನಲ್ಲೇ ಡಿಕ್ಕಿ. ಓಟ ನಿಂತಿತು. ಜನ ರೊಚ್ಚಿಗೆದ್ದರು. ಓಟ ಮತ್ತೆ ಶುರುವಾಯಿತು. ಹಂಟ್ ಗೆದ್ದ. ಎರಡು ತಿಂಗಳಾದ ಮೇಲೆ, ಪ್ಯಾರಿಸ್ಸಿನ ಒಂದು ಕೋಣೆಯಲ್ಲಿ, ಅದೇ ಓಟವನ್ನು ಸೋತ.

ಇಷ್ಟೆಲ್ಲ ನಡೆದ ಓಟ. ಇದರ ಪೂರ್ತಿ ಟಿವಿ ಚಿತ್ರಣ ಕೊಡಿ ಎಂದು ಬಿಬಿಸಿಯನ್ನು ಕೇಳಿ. ಸಿಗುವುದಿಲ್ಲ. ಟೇಪು ಕಳುವಾಗಿಲ್ಲ. ಗೋದಾಮಿಗೆ ಬೆಂಕಿ ಬಿದ್ದಿಲ್ಲ. ಇಲಿ ಕಡಿದಿಲ್ಲ. ಬಿಬಿಸಿ ಅಲ್ಲಿಗೆ ಹೋಗಲೇ ಇಲ್ಲ. ಖಾಸಗಿ ಐಟಿವಿಯೂ ಹೋಗಲಿಲ್ಲ. ತಮ್ಮದೇ ದೇಶದ ಗ್ರ್ಯಾನ್ ಪ್ರಿ, ತಮ್ಮದೇ ಹುಡುಗ, ತಮ್ಮ ಆಫೀಸಿನಿಂದ ಒಂದೆರಡು ತಾಸಿನ ದಾರಿ.

ಕಾರಣ ಕೇಳಿದರೆ ನಗಬಾರದು. ಓಟದ ಒಂದು ಕಾರಿನ ಮೈಮೇಲೆ ಒಂದು ಕಂಪನಿಯ ಹೆಸರಿತ್ತು. ಡ್ಯೂರೆಕ್ಸ್.

ಹೌದು, ಕಾಂಡೋಮು.

ಕಾರು ಜಾನ್ ಸರ್ಟೀಸ್ ತಂಡದ್ದು. ಸರ್ಟೀಸ್ ಯಾರೋ ದಾರಿಹೋಕನಲ್ಲ. ಮೋಟಾರ್‌ಸೈಕಲ್ಲಿನಲ್ಲಿ ಏಳು ವಿಶ್ವ ಪ್ರಶಸ್ತಿ ಗೆದ್ದವನು. 1964ರಲ್ಲಿ ಫೆರಾರಿ ಓಡಿಸಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದವನು. ಎರಡು ಚಕ್ರದಲ್ಲೂ ನಾಲ್ಕು ಚಕ್ರದಲ್ಲೂ ವಿಶ್ವವನ್ನೇ ಗೆದ್ದ ಇನ್ನೊಬ್ಬ ಇವತ್ತಿಗೂ ಹುಟ್ಟಿಲ್ಲ. ಇಂಥವನು ಸ್ವಂತ ತಂಡ ಕಟ್ಟಿದ. ತಂಡಕ್ಕೆ ದುಡ್ಡು ಬೇಕಾಯಿತು. ಸಿಗರೇಟಿನವರ ದೊಡ್ಡ ಥೈಲಿ ದೊಡ್ಡ ತಂಡಗಳ ಪಾಲಾಗಿತ್ತು. ಡ್ಯೂರೆಕ್ಸ್ ಮಾಡುತ್ತಿದ್ದ ಲಂಡನ್ ರಬ್ಬರ್ ಕಂಪನಿ ಮುಂದೆ ಬಂತು. ಸರ್ಟೀಸ್ ಒಪ್ಪಿದ. ಕಾರು ಹತ್ತಿದವನು ಅಲನ್ ಜೋನ್ಸ್ ಎಂಬ ಆಸ್ಟ್ರೇಲಿಯನ್. ನಾಲ್ಕು ವರ್ಷದ ನಂತರ ಅವನೂ ವಿಶ್ವ ಚಾಂಪಿಯನ್ ಆದ.

ಮಾರ್ಚ್ 14ರಂದು ಅದೇ ಬ್ರ್ಯಾಂಡ್ಸ್ ಹ್ಯಾಚ್‌ನಲ್ಲಿ ರೇಸ್ ಆಫ್ ಚಾಂಪಿಯನ್ಸ್ ಎಂಬ ಓಟವಿತ್ತು. ವಿಶ್ವ ಚಾಂಪಿಯನ್‌ಶಿಪ್ಪಿಗೆ ಸೇರದ ಓಟ, ಆದರೂ ಜನ ತುಂಬುತ್ತಿದ್ದ ಓಟ. ತೋರಿಸುತ್ತೇವೆ ಅಂದಿದ್ದ ಬಿಬಿಸಿ ಡ್ಯೂರೆಕ್ಸ್ ಹೆಸರು ಕಂಡದ್ದೇ ತಡ, ಕ್ಯಾಮೆರಾ ಮಡಚಿಕೊಂಡು ಹೊರಟಿತು. ಓಟದಲ್ಲಿ ಹಂಟ್ ಮೊದಲು, ಜೋನ್ಸ್ ಎರಡನೆಯವನು. ಅಂದರೆ ಬಿಬಿಸಿ ಹೆದರಿದ್ದು ಸರಿಯೇ. ಹೆಸರು ಚೆನ್ನಾಗಿಯೇ ಕಾಣುತ್ತಿತ್ತು.

ಸರಿ, ಸಭ್ಯತೆ. ಮನೆಮಂದಿಯೆಲ್ಲ ಕೂತು ನೋಡುವ ಹೊತ್ತು. ಮಕ್ಕಳಿರುತ್ತಾರೆ, ಅಜ್ಜಿ ಇರುತ್ತಾರೆ. ಅಜ್ಜಿಗೆ ಮುಜುಗರ ಮಾಡಬಾರದು. ಒಪ್ಪೋಣ.

ಹಾಗಾದರೆ ಅಜ್ಜಿಗೆ ಮುಜುಗರವಾಗದ ಕಾರುಗಳು ಯಾವುವು?

ಹಂಟ್ ಓಡಿಸಿದ ಮೆಕ್‌ಲಾರೆನ್ ಕಾರು ಕೆಂಪು-ಬಿಳುಪು. ಮಾರ್ಲ್‌ಬರೊ ಸಿಗರೇಟಿನ ಪ್ಯಾಕೆಟ್ಟಿಗೆ ನಾಲ್ಕು ಚಕ್ರ ಸಿಕ್ಕಿಸಿ ಬಿಟ್ಟಂತಿತ್ತು. ಲೋಟಸ್ ತಂಡದ್ದು ಕಪ್ಪು-ಚಿನ್ನ, ಅದು ಜಾನ್ ಪ್ಲೇಯರ್ ಸ್ಪೆಷಲ್. ಫ್ರಾನ್ಸಿನ ಲಿಜಿಯೆ ತಂಡದ ಮೇಲೆ ಜಿತಾನ್. ಅದೂ ಸಿಗರೇಟು. ಬ್ರಾಬಮ್ ತಂಡದ ಮೇಲೆ ಮಾರ್ಟಿನಿ. ಅದು ಮದ್ಯ. ಹೆಸ್ಕೆತ್ ತಂಡದ ಒಂದು ಕಾರಿನ ಮೇಲೆ ಪೆಂಟ್‌ಹೌಸ್ ಎಂಬ ಬೆತ್ತಲೆ ಚಿತ್ರಗಳ ಪತ್ರಿಕೆಯ ಹೆಸರು, ಜೊತೆಗೊಂದು ಹೆಣ್ಣಿನ ಚಿತ್ರ. ಹಂಟ್ ತನ್ನ ಓಟದ ಅಂಗಿಯ ಎದೆಗೆ ಹೊಲಿಸಿಕೊಂಡಿದ್ದ ಪಟ್ಟಿಯಲ್ಲಿ, ಚಾಂಪಿಯನ್ನರಿಗೆ ಬೆಳಗಿನ ತಿಂಡಿ ಯಾವುದು ಎಂಬುದರ ವಿವರವಿತ್ತು. ಆ ತಿಂಡಿ ಇಡ್ಲಿಯಲ್ಲ.

ಇವೆಲ್ಲ ಕುಟುಂಬ ಸಮೇತ ನೋಡಬಹುದಾದವು. ತಿಂಡಿ ನಡೆಯುತ್ತದೆ. ತಿಂಡಿಗೆ ಮುನ್ನ ವಹಿಸಬೇಕಾದ ಎಚ್ಚರ ನಡೆಯುವುದಿಲ್ಲ.

ಆ ಗ್ರ್ಯಾನ್ ಪ್ರಿಯ ಅಧಿಕೃತ ಹೆಸರು ಗೊತ್ತೆ? ಜಾನ್ ಪ್ಲೇಯರ್ ಗ್ರ್ಯಾನ್ ಪ್ರಿ. ಕಾರಿನ ಮೇಲಲ್ಲ, ಓಟದ ಹಣೆಯ ಮೇಲೇ ಸಿಗರೇಟು. ಅದಕ್ಕೆ ಯಾರೂ ಕೆಮ್ಮಲಿಲ್ಲ.

ಆಗ ಯಾರಿಗೂ ಗೊತ್ತಿರಲಿಲ್ಲ ಬಿಡಿ, ಕಾಲ ಹಾಗಿತ್ತು ಎಂದು ಸಮಾಧಾನ ಹೇಳುವವರು ಬರುತ್ತಾರೆ. ಯಾವಾಗಲೂ ಬರುತ್ತಾರೆ. ಅವರಿಗೆ ನಾಲ್ಕು ಇಸವಿ ಹೇಳಬೇಕು. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫೋರ್ಡ್ ಹಿಲ್ ಪ್ರಕಟಿಸಿದ್ದು 1950ರಲ್ಲಿ, ಅದೂ ಲಂಡನ್ನಿನಲ್ಲಿ. ಬ್ರಿಟನ್ನಿನ ವೈದ್ಯರ ರಾಯಲ್ ಕಾಲೇಜು ವರದಿ ಬರೆದು ಎಚ್ಚರಿಸಿದ್ದು 1962ರಲ್ಲಿ. ಬ್ರಿಟಿಷ್ ಟಿವಿಯಲ್ಲಿ ಸಿಗರೇಟು ಜಾಹೀರಾತು ನಿಷೇಧವಾದದ್ದು 1965ರಲ್ಲಿ. ಪ್ಯಾಕೆಟ್ಟಿನ ಮೇಲೆ ಎಚ್ಚರಿಕೆ ಅಚ್ಚಾಗಿದ್ದು 1971ರಲ್ಲಿ. ಓಟ ನಡೆದದ್ದು 1976ರಲ್ಲಿ. ಗೊತ್ತಿರಲಿಲ್ಲ ಎನ್ನುವುದಕ್ಕೆ ಜಾಗ ಎಲ್ಲಿದೆ?

ಗೊತ್ತಿತ್ತು. ಗೊತ್ತಿದ್ದೇ ದಾರಿ ಹುಡುಕಿದರು. ಜಾಹೀರಾತಿಗೆ ತಾನೇ ನಿಷೇಧ? ಕಾರಿಗೆ ಬಣ್ಣ ಹೊಡೆದರೆ ಅದು ಜಾಹೀರಾತಲ್ಲ, ಬಣ್ಣ. ಪಂದ್ಯಾವಳಿಗೆ ಹೆಸರಿಟ್ಟರೆ ಅದು ಜಾಹೀರಾತಲ್ಲ, ಹೆಸರು. ಜಾಹೀರಾತನ್ನೇ ಒಲ್ಲದ ಬಿಬಿಸಿ ಬೇಸಿಗೆಯ ಭಾನುವಾರಗಳಲ್ಲಿ ಜಾನ್ ಪ್ಲೇಯರ್ ಲೀಗ್ ಕ್ರಿಕೆಟ್ ತೋರಿಸುತ್ತಿತ್ತು. ಬೆನ್ಸನ್ ಅಂಡ್ ಹೆಜಸ್ ಕಪ್ ತೋರಿಸುತ್ತಿತ್ತು. ವಿಶ್ವ ಸ್ನೂಕರ್ ಚಾಂಪಿಯನ್‌ಶಿಪ್ಪಿಗೆ ಎಂಬೆಸಿ ಸಿಗರೇಟು ಹೆಸರು ಅಂಟಿದ್ದು ಸಹ ಇದೇ 1976ರಲ್ಲಿ. ಅದು ಮುಂದೆ ವರ್ಷಗಟ್ಟಲೆ ಬಿಬಿಸಿಯ ಹೆಮ್ಮೆಯ ಕಾರ್ಯಕ್ರಮವಾಗಿತ್ತು. ಹೇಳುವುದು ಶಾಸ್ತ್ರ, ಹಾಕುವುದು ಗಾಳ.

ಒಂದು ಸರಕು ಮನುಷ್ಯನನ್ನು ಕೊಲ್ಲುತ್ತದೆ. ಇನ್ನೊಂದು ರೋಗ ತಡೆಯುತ್ತದೆ, ಬೇಡದ ಬಸಿರು ತಡೆಯುತ್ತದೆ. ಅಸಭ್ಯ ಯಾವುದೆಂದು ದೊಡ್ಡವರು ಕೂತು ಯೋಚಿಸಿದರು. ಎರಡನೆಯದನ್ನು ಆರಿಸಿದರು.

ಇಲ್ಲಿ ನಮ್ಮ ದೇಶದ ಮಾತು ಒಂದು ನಿಮಿಷ. ಮಡಿವಂತರು ನಾವು ಎಂದು ಇಂಗ್ಲಿಷಿನವರು ಪುಸ್ತಕ ಬರೆದರು. ಆ ಮಡಿವಂತ ದೇಶದ ಸರ್ಕಾರ 1968ರಲ್ಲೇ ನಿರೋಧ್ ಕಾಂಡೋಮು ಹೊರತಂದಿತ್ತು. ಮೂರಕ್ಕೆ 15 ಪೈಸೆ. ಗೋಡೆ ಗೋಡೆಯ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ. ಅಂಗಡಿ ಅಂಗಡಿಗೆ ತಲುಪಿಸುವ ಕೆಲಸವನ್ನು ಚಹದ ಕಂಪನಿಗಳಿಗೆ, ಸೋಪಿನ ಕಂಪನಿಗಳಿಗೆ ವಹಿಸಿದರು. ಹಾಗೆ ವಹಿಸಿಕೊಂಡವರಲ್ಲಿ ಸಿಗರೇಟಿನ ಐಟಿಸಿಯೂ ಇತ್ತು. ಬ್ರಿಟನ್ನಿನ ಟಿವಿ ಒಂದೇ ಟ್ರ್ಯಾಕಿನಲ್ಲಿ ನೋಡಲಾರದ ಎರಡು ಸರಕು ನಮ್ಮ ಬೀಡಾ ಅಂಗಡಿಯಲ್ಲಿ ಪಕ್ಕಪಕ್ಕ ಕೂತಿದ್ದವು. ಅದೇ 1976ರಲ್ಲಿ ತುರ್ತು ಪರಿಸ್ಥಿತಿಯ ಸೊಕ್ಕಿನಲ್ಲಿ ಬಡವರನ್ನು ಹಿಡಿದು ತಂದು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದ ಸರ್ಕಾರವನ್ನು ಹೊಗಳುವ ಹುಚ್ಚು ನನಗಿಲ್ಲ. ನಾಗರಿಕತೆಯ ಪಾಠ ಹೇಳಿಕೊಡಲು ಬಂದವರ ಸ್ವಂತ ಪಾಠ ಎಲ್ಲಿಗೆ ಬಂದಿತ್ತು ಎಂದಷ್ಟೇ ಹೇಳುತ್ತಿದ್ದೇನೆ.

ಈಗ ಓಟಕ್ಕೆ ಬರೋಣ. ಯಾಕೆಂದರೆ ಕ್ಯಾಮೆರಾ ಇಲ್ಲದ್ದರಿಂದ ಆದ ನಷ್ಟ ಬರೀ ಅಭಿಮಾನಿಗಳ ಹಳಹಳಿಕೆಯದ್ದಲ್ಲ.

ಬ್ರ್ಯಾಂಡ್ಸ್ ಹ್ಯಾಚ್‌ನ ಮೊದಲ ತಿರುವು ಪ್ಯಾಡಕ್ ಹಿಲ್. ಇಳಿಜಾರಿಗೆ ಬೀಳುವ ಬಲ ತಿರುವು. ಅಲ್ಲಿ ಫೆರಾರಿಯ ಎರಡು ಕಾರುಗಳೇ ಒಂದಕ್ಕೊಂದು ತಗುಲಿದವು. ಕ್ಲೇ ರೆಗಝೋನಿ ತನ್ನದೇ ತಂಡದ ಲೌಡಾನಿಗೆ ಗುದ್ದಿದ. ಹಿಂದಿದ್ದ ಹಂಟ್ ಸಿಕ್ಕಿಬಿದ್ದ. ಅವು ಚಕ್ರ ಹೊರಗಿರುವ ಕಾರುಗಳು. ಚಕ್ರಕ್ಕೆ ಚಕ್ರ ತಾಗಿದರೆ ಕಾರು ಹಾರುತ್ತದೆ. ಹಂಟ್‌ನ ಮೆಕ್‌ಲಾರೆನ್ ಹಾರಿ, ಕೆಳಗೆ ಬಿದ್ದು, ಮುಂದಿನ ಸಸ್ಪೆನ್ಷನ್ ಮುರಿದುಕೊಂಡಿತು. ಕೆಂಪು ಬಾವುಟ ಬಂತು. ಓಟ ನಿಂತಿತು.

ಆ ಲ್ಯಾಪ್ ಪೂರ್ತಿ ಮಾಡದವರು ಮತ್ತೆ ಓಡುವಂತಿಲ್ಲ ಎಂದು ಅಧಿಕಾರಿಗಳು ಹೇಳಿದರು. ಹಂಟ್ ಲ್ಯಾಪ್ ಮುಗಿಸಿರಲಿಲ್ಲ. ಹಿಂದಿನ ಅಡ್ಡದಾರಿಯಿಂದ ಪಿಟ್ಟಿಗೆ ಬಂದಿದ್ದ. ಅಷ್ಟರಲ್ಲಿ ಜನ ಎದ್ದರು. ಇಂಗ್ಲಿಷ್ ಜನ, ಸಭ್ಯತೆಗೆ ಹೆಸರಾದವರು. ಕೂಗಿದರು, ಚಪ್ಪಾಳೆ ತಟ್ಟಿ ಹಂಗಿಸಿದರು, ಕೈಗೆ ಸಿಕ್ಕ ಡಬ್ಬಿ ಎಸೆದರು. ವಾದ ನಡೆಯುತ್ತಿದ್ದ ಹೊತ್ತಿನಲ್ಲೇ ಮೆಕ್ಯಾನಿಕ್ಕುಗಳು ಕಾರು ರಿಪೇರಿ ಮಾಡಿ ಮುಗಿಸಿದರು. ಅಧಿಕಾರಿಗಳಿಗೆ ನಿಯಮದ ಮೇಲೆ ಗೌರವವಿತ್ತು, ಡಬ್ಬಿಯ ಮೇಲೆ ಭಯವಿತ್ತು. ಭಯ ಗೆದ್ದಿತು. ಹಂಟ್ ಓಡಿದ. ಲೌಡಾನ ಗೇರ್‌ಬಾಕ್ಸ್ ಕಾಟ ಕೊಡತೊಡಗಿತು. 45ನೇ ಲ್ಯಾಪಿನಲ್ಲಿ ಹಂಟ್ ಅವನನ್ನು ಹಿಂದೆ ಹಾಕಿದ. ಗೆದ್ದ.

ಫೆರಾರಿ ದೂರು ಕೊಟ್ಟಿತು. ಪ್ರಶ್ನೆ ಒಂದೇ. ಕೆಂಪು ಬಾವುಟ ಬಂದ ಗಳಿಗೆಯಲ್ಲಿ ಹಂಟ್ ಓಟದಲ್ಲಿದ್ದನೇ, ಇಲ್ಲವೇ? ಕಾರು ಚಲಿಸುತ್ತಿತ್ತೇ? ಯಾವ ದಾರಿಯಲ್ಲಿತ್ತು?

ಇದಕ್ಕೆ ಉತ್ತರ ಹೇಳಬಲ್ಲ ಯಂತ್ರ ಆಗಲೇ ಜಗತ್ತಿನಲ್ಲಿತ್ತು. ಅದರ ಹೆಸರು ಟಿವಿ ಕ್ಯಾಮೆರಾ. ಟ್ರ್ಯಾಕಿನ ಸುತ್ತ ನಿಂತು, ಬಿಟ್ಟೂ ಬಿಡದೆ ನೋಡುವ ಕ್ಯಾಮೆರಾ. ಅದು ಮರ್ಯಾದೆ ಕಾಪಾಡಿಕೊಂಡು ಮನೆಯಲ್ಲಿತ್ತು. ಸಿನಿಮಾ ಕ್ಯಾಮೆರಾದವರು ಅಲ್ಲಲ್ಲಿ ಹಿಡಿದ ತುಣುಕುಗಳಿವೆ, ಡಿಕ್ಕಿಯ ಚಿತ್ರವೂ ಇದೆ. ಡಿಕ್ಕಿ ಎಲ್ಲರಿಗೂ ಬೇಕು. ಡಿಕ್ಕಿಯಾದ ಮೇಲೆ ಒಂದು ಕಾರು ಎಲ್ಲಿಗೆ ಹೋಯಿತು ಎಂಬುದು ರೀಲು ಉಳಿಸುವವನಿಗೆ ಬೇಡ.

ಸೆಪ್ಟೆಂಬರ್ 24ರಂದು ಪ್ಯಾರಿಸ್ಸಿನಲ್ಲಿ ತೀರ್ಪು ಬಂತು. ಹಂಟ್ ಅನರ್ಹ. ಒಂಬತ್ತು ಅಂಕ ಹೋಯಿತು. ಲೌಡಾ ಗೆದ್ದವನೆಂದು ಬರೆದುಕೊಂಡರು. ವರ್ಷದ ಕೊನೆಗೆ ಹಂಟ್‌ಗೆ 69 ಅಂಕ, ಲೌಡಾನಿಗೆ 68. ಒಂದೇ ಒಂದು ಅಂಕದಲ್ಲಿ ಇತ್ಯರ್ಥವಾದ ವಿಶ್ವ ಚಾಂಪಿಯನ್‌ಶಿಪ್ಪಿನ ಅತಿ ದೊಡ್ಡ ವ್ಯಾಜ್ಯವನ್ನು ಪೂರ್ತಿ ಟಿವಿ ಚಿತ್ರಣವಿಲ್ಲದೆಯೇ ತೀರ್ಮಾನಿಸಿದರು. ನಮ್ಮ ಹಳ್ಳಿಯ ಬೇಲಿ ಜಗಳಕ್ಕೂ ಇದಕ್ಕಿಂತ ಹೆಚ್ಚು ಸಾಕ್ಷಿ ಕೇಳುತ್ತಾರೆ.

ಇನ್ನೊಂದು ಮಜಾ. ಹಂಟ್ ಅನರ್ಹನಾದ ಮೇಲೆ ಐದನೇ ಸ್ಥಾನ ಸಿಕ್ಕಿದ್ದು ಅಲನ್ ಜೋನ್ಸ್‌ಗೆ. ಸರ್ಟೀಸ್ ಕಾರಿನಲ್ಲಿ. ಎರಡು ಅಂಕ. ಅಂಕಪಟ್ಟಿಗೆ ಮುಜುಗರವಾಗಲಿಲ್ಲ.

ಬ್ರ್ಯಾಂಡ್ಸ್ ಹ್ಯಾಚ್ ಓಟದ ಎರಡು ವಾರದ ನಂತರ, ಆಗಸ್ಟ್ 1. ಜರ್ಮನಿಯ ನೂರ್‌ಬರ್ಗ್‌ರಿಂಗ್. ಒಂದು ಸುತ್ತು 22.8 ಕಿಲೋಮೀಟರ್. ಕಾಡು, ಗುಡ್ಡ, ತಿರುವು. ಲೌಡಾನ ಫೆರಾರಿ ದಿಬ್ಬಕ್ಕೆ ಬಡಿದು, ಮರಳಿ ರಸ್ತೆಗೆ ಬಂದು, ಹೊತ್ತಿಕೊಂಡಿತು. ಅವನನ್ನು ಬೆಂಕಿಯಿಂದ ಎಳೆದವರು ಯಾರು? ಜೊತೆ ಓಟಗಾರರು. ಆರ್ಟೂರೊ ಮೆರ್ಜಾರಿಯೊ. ಹರಾಲ್ಡ್ ಎರ್ಟ್ಲ್. ಆ ಪೆಂಟ್‌ಹೌಸ್ ಕಾರಿನ ಗೈ ಎಡ್ವರ್ಡ್ಸ್. ಆ ಸರ್ಟೀಸ್ ತಂಡದ ಬ್ರೆಟ್ ಲಂಗರ್. ಅಸಭ್ಯ ಕಾರಿನವರು ಓಡಿ ಬಂದರು. ಸಭ್ಯತೆಯ ಗುತ್ತಿಗೆದಾರರು ಆಗಿನ್ನೂ ಫಾರ್ಮುಲಾ ಒನ್ ಕಡೆ ಮುಖ ಹಾಕಿರಲಿಲ್ಲ.

ಆ ಅಪಘಾತದ ಚಿತ್ರ ಜಗತ್ತೇ ನೋಡಿದೆ. ಅದನ್ನು ಹಿಡಿದದ್ದು ಯಾವ ಟಿವಿಯೂ ಅಲ್ಲ. ಅಷ್ಟುದ್ದದ ಟ್ರ್ಯಾಕಿನಲ್ಲಿ ಟಿವಿ ಕ್ಯಾಮೆರಾ ಅಲ್ಲಿರಲಿಲ್ಲ. ರಸ್ತೆಯಂಚಿನಲ್ಲಿ ನಿಂತ ಒಬ್ಬ ಪ್ರೇಕ್ಷಕನ ಕೈಯಲ್ಲಿ 8 ಎಂಎಂ ಕ್ಯಾಮೆರಾ ಇತ್ತು. ಚರಿತ್ರೆಯನ್ನು ಉಳಿಸಿದ್ದು ಆ ಆಟಿಕೆಯಂಥ ಕ್ಯಾಮೆರಾ. ಆರು ವಾರಕ್ಕೆ ಲೌಡಾ ಸುಟ್ಟ ಮುಖಕ್ಕೆ ಬ್ಯಾಂಡೇಜು ಸುತ್ತಿಕೊಂಡು ಮೊಂಜಾದಲ್ಲಿ ಓಡಿದ, ನಾಲ್ಕನೆಯವನಾದ.

ಈಗ ಊಹಿಸಿ. ಸುಟ್ಟ ಮುಖದ ಚಾಂಪಿಯನ್, ಕೆದರಿದ ಕೂದಲಿನ ಇಂಗ್ಲಿಷ್ ಹುಡುಗ, ಕೊನೆಯ ಓಟಕ್ಕೆ ಮೂರು ಅಂಕದ ಅಂತರ. ಪತ್ರಿಕೆಗಳ ಮುಖಪುಟದಲ್ಲಿ ಬೇರೇನೂ ಇಲ್ಲ. ಬ್ರಿಟಿಷ್ ಟಿವಿ ಏನು ಮಾಡಿತು? ತತ್ವಕ್ಕೆ ಅಂಟಿಕೊಂಡಿತೇ?

ಹುಚ್ಚೇ? ಅಕ್ಟೋಬರ್ 24ರ ಜಪಾನಿನ ಫ್ಯೂಜಿ ಓಟವನ್ನು ಬಿಬಿಸಿ ತೋರಿಸಿತು. ಮಾರ್ಚಿನಲ್ಲಿ ಮಕ್ಕಳು ಕೆಡುತ್ತಿದ್ದರು. ಅಕ್ಟೋಬರಿಗೆ ಮಕ್ಕಳು ಗಟ್ಟಿಯಾಗಿದ್ದರು. ಡ್ಯೂರೆಕ್ಸ್ ಬದಲಾಗಿರಲಿಲ್ಲ, ಅದರ ಉಪಯೋಗವೂ ಬದಲಾಗಿರಲಿಲ್ಲ. ಬದಲಾಗಿದ್ದು ನೋಡುವವರ ಸಂಖ್ಯೆ.

ಫ್ಯೂಜಿಯಲ್ಲಿ ಜಡಿಮಳೆ. ಓಟ ಬೇಡ ಎಂದವರೇ ಹೆಚ್ಚು. ಆದರೆ ಕತ್ತಲಾಗುತ್ತಿತ್ತು, ಉಪಗ್ರಹದ ಹೊತ್ತು ಗೊತ್ತಾಗಿತ್ತು, ಜಗತ್ತಿನ ಟಿವಿಗಳು ಕಾದಿದ್ದವು. ಬ್ರ್ಯಾಂಡ್ಸ್ ಹ್ಯಾಚ್‌ಗೆ ಬರಲು ನಾಚಿದ ಟಿವಿಗೆ ಫ್ಯೂಜಿಯಲ್ಲಿ ತಾಳ್ಮೆಯಿರಲಿಲ್ಲ. ಓಟ ಶುರುವಾಯಿತು. ಎರಡು ಸುತ್ತಿಗೆ ಲೌಡಾ ಕಾರು ನಿಲ್ಲಿಸಿ ಇಳಿದ. ಸಾಯಲು ಇಷ್ಟವಿಲ್ಲದ ಒಬ್ಬ ಬುದ್ಧಿವಂತ ಅಲ್ಲಿದ್ದ ಎಂದಾಯಿತು. ಹಂಟ್ ಟೈರ್ ಕಳೆದುಕೊಂಡು, ಹೊಸದು ಹಾಕಿಸಿಕೊಂಡು, ಮೂರನೆಯವನಾದ. ಚಾಂಪಿಯನ್ ಆದೆನೆಂದು ಗೊತ್ತೇ ಆಗದೆ ಕಾರಿನಿಂದಿಳಿದು ತಂಡದ ಮ್ಯಾನೇಜರನ ಮೇಲೆ ಕೂಗಾಡಿದ. ಗೆದ್ದವನು ಮಾರಿಯೊ ಆಂಡ್ರೆಟಿ, ಜಾನ್ ಪ್ಲೇಯರ್ ಕಾರಿನಲ್ಲಿ. ಹಂಟ್ ಮಾರ್ಲ್‌ಬರೊ ಕಾರಿನಲ್ಲಿ. ಹಂಟ್‌ನ ಬೆನ್ನಿಗೆ ನಾಲ್ಕನೆಯವನಾಗಿ ಬಂದವನು ಯಾರು?

ಅಲನ್ ಜೋನ್ಸ್. ಸರ್ಟೀಸ್ ತಂಡದ ಅದೇ ಜೋನ್ಸ್.

ಬ್ರಿಟನ್ ಕುಸಿಯಲಿಲ್ಲ. ಅಜ್ಜಿಯರು ಬದುಕುಳಿದರು.

ನಂತರದ್ದು ಇನ್ನೂ ಚಂದ. 1978ರಲ್ಲಿ ಬಿಬಿಸಿ ಗ್ರ್ಯಾನ್ ಪ್ರಿ ಎಂಬ ಹೆಸರಿನಲ್ಲೇ ಕಾರ್ಯಕ್ರಮ ಶುರುಮಾಡಿತು. ಮುರ್ರೆ ವಾಕರ್ ಕಾಮೆಂಟರಿ. 1980ರಿಂದ ಪಕ್ಕದ ಕುರ್ಚಿಯಲ್ಲಿ ಜೇಮ್ಸ್ ಹಂಟ್. ಎದೆಯ ಮೇಲೆ ತಿಂಡಿಯ ವಿವರ ಹೊಲಿಸಿಕೊಂಡಿದ್ದ ಅದೇ ಹಂಟ್. ಜಾನ್ ಸರ್ಟೀಸ್ ಏನಾದ? ದುಡ್ಡು ಸಾಲದೆ 1978ರ ಕೊನೆಗೆ ತಂಡ ಮುಚ್ಚಿದ. 1987ರಲ್ಲಿ ಏಡ್ಸ್ ಭಯ ಬಂದಾಗ ಬ್ರಿಟಿಷ್ ಸರ್ಕಾರ ಮನೆಮನೆಗೂ ಕರಪತ್ರ ಹಂಚಿತು. ಕಾಂಡೋಮು ಬಳಸಿ ಎಂದು. ಅಜ್ಜಿಯ ಮನೆಗೂ ಹಂಚಿತು.

ಸಿಗರೇಟು ಮಾತ್ರ ಟ್ರ್ಯಾಕಿನಲ್ಲಿ ಸುಖವಾಗಿತ್ತು. 1997ರಲ್ಲಿ ತಂಬಾಕು ಪ್ರಾಯೋಜಕತ್ವ ನಿಲ್ಲಿಸುತ್ತೇವೆ ಎಂದು ಬಂದ ಟೋನಿ ಬ್ಲೇರ್ ಸರ್ಕಾರ ಫಾರ್ಮುಲಾ ಒನ್‌ಗೆ ಮಾತ್ರ ವಿನಾಯಿತಿ ಕೊಡಹೊರಟಿತು. ಫಾರ್ಮುಲಾ ಒನ್ ಒಡೆಯ ಬರ್ನಿ ಎಕ್ಲೆಸ್ಟೋನ್ ಅದೇ ವರ್ಷ ಲೇಬರ್ ಪಕ್ಷಕ್ಕೆ ಹತ್ತು ಲಕ್ಷ ಪೌಂಡ್ ಕೊಟ್ಟಿದ್ದು ಹೊರಬಿತ್ತು. ಎರಡಕ್ಕೂ ಸಂಬಂಧವಿಲ್ಲವಂತೆ. ಸಂಬಂಧವಿಲ್ಲದ ದುಡ್ಡನ್ನು ಪಕ್ಷ ಗಡಿಬಿಡಿಯಲ್ಲಿ ವಾಪಸು ಕೊಟ್ಟಿತು. ಬ್ರಿಟನ್ನಿನ ಟ್ರ್ಯಾಕಿನಿಂದ ಸಿಗರೇಟು ಕಾನೂನಿನ ಮೂಲಕ ಹೊರಬಿದ್ದದ್ದು 2005ರಲ್ಲಿ. ಡಾಲ್ ಮತ್ತು ಹಿಲ್ ಬರೆದು 55 ವರ್ಷವಾಗಿತ್ತು.

ಹಿಡಿಯದೇ ಬಿಟ್ಟ ಚಿತ್ರದ ಕತೆ ಇದಾದರೆ, ಹಿಡಿದು ಅಳಿಸಿದ ಚಿತ್ರದ್ದು ಬೇರೆ.

ಆ ಕಾಲದ ವಿಡಿಯೊ ಟೇಪು ಎರಡು ಇಂಚು ಅಗಲ. ಬೆಲೆ ವಿಪರೀತ. ಒಮ್ಮೆ ಪ್ರಸಾರವಾದ ಮೇಲೆ ಅಳಿಸಿ ಮತ್ತೆ ಬಳಸುತ್ತಿದ್ದರು. ಗುಮಾಸ್ತನ ಲೆಕ್ಕದಲ್ಲಿ ಟೇಪು ಆಸ್ತಿ, ಅದರೊಳಗಿನ ಚಿತ್ರ ಕಸ. ಎಲ್ಲವನ್ನೂ ಕಾಪಿಡಬೇಕೆಂಬ ಬುದ್ಧಿ ಬಿಬಿಸಿಗೆ ಬಂದದ್ದು 1978ರ ಆಸುಪಾಸಿನಲ್ಲಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು. 1969ರಲ್ಲಿ ಮನುಷ್ಯ ಚಂದ್ರನ ಮೇಲಿಳಿದ ರಾತ್ರಿ ಬಿಬಿಸಿ ಸ್ಟುಡಿಯೊದಿಂದ ಮಾಡಿದ ಪ್ರಸಾರ ಅಳಿಸಿಹೋಗಿದೆ. ಡಾಕ್ಟರ್ ಹೂ ಎಂಬ ಧಾರಾವಾಹಿಯ ತೊಂಬತ್ತಕ್ಕೂ ಹೆಚ್ಚು ಕಂತುಗಳು ಇಲ್ಲ. ಚಂದ್ರನಿಗೆ ಕಳಿಸಿದ ನಾಸಾ ಏನು ಕಡಿಮೆ? ಅಪೊಲೊ 11ರ ಮೂಲ ಟೇಪುಗಳನ್ನು ತಾನೇ ಅಳಿಸಿ ಮರುಬಳಕೆ ಮಾಡಿದ್ದೆನೆಂದು 2009ರಲ್ಲಿ ಒಪ್ಪಿಕೊಂಡಿತು. ಚಂದ್ರನ ಗತಿಯೇ ಹೀಗಾದರೆ ಕಾರು ಓಟದ ಪಾಡೇನು?

ಎಪ್ಪತ್ತರ ದಶಕದ ಎಷ್ಟೋ ಗ್ರ್ಯಾನ್ ಪ್ರಿಗಳು ಇವತ್ತು ನಿಮಿಷಗಳ ತುಣುಕಾಗಿ ಉಳಿದಿವೆ. ಉಳಿದದ್ದು ಯಾವುದು ನೋಡಿ. 1973ರಲ್ಲಿ ಹಾಲೆಂಡಿನ ಝಾಂಡ್‌ವೂರ್ಟ್‌ನಲ್ಲಿ ರೋಜರ್ ವಿಲಿಯಮ್ಸನ್ ಕಾರು ಮಗುಚಿ ಹೊತ್ತಿಕೊಂಡಿತು. ಡೇವಿಡ್ ಪರ್ಲಿ ಎಂಬ ಇನ್ನೊಬ್ಬ ಓಟಗಾರ ತನ್ನ ಕಾರು ನಿಲ್ಲಿಸಿ, ಒಬ್ಬನೇ ಆ ಕಾರನ್ನು ಎತ್ತಲು ಹೆಣಗಿದ. ಬೆಂಕಿಗೆ ತಡೆಯುವ ಬಟ್ಟೆಯಿಲ್ಲದ ಸಿಬ್ಬಂದಿ ಹತ್ತಿರ ಬರಲಿಲ್ಲ. ಓಟ ನಿಲ್ಲಲಿಲ್ಲ. ವಿಲಿಯಮ್ಸನ್ ಸತ್ತ. ಆ ಚಿತ್ರ ಚೆನ್ನಾಗಿ ಉಳಿದಿದೆ. ಯಾರು ಬೇಕಾದರೂ ಊಟ ಮಾಡುತ್ತಾ ನೋಡಬಹುದು. ಬದುಕಿದ್ದವನು ಹೇಗೆ ಓಡಿಸುತ್ತಿದ್ದ ಎಂಬುದರ ಟೇಪಿನ ಮೇಲೆ ಮುಂದಿನ ವಾರದ ಹಾಸ್ಯ ಕಾರ್ಯಕ್ರಮ ಮುದ್ರಿಸುತ್ತಿದ್ದರು. ಸುಡುವವನ ಟೇಪು ಜೋಪಾನ. ಇವರಿಗೆ ಕಾಂಡೋಮು ಅಶ್ಲೀಲ.

ಈ ಬಿಬಿಸಿ ನಮಗೂ ಒಂದು ನಾಮ ಹಾಕಿದೆ, ಮರೆಯಬೇಡಿ. 1983ರ ಜೂನ್ 18, ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್, ವಿಶ್ವಕಪ್ ಕ್ರಿಕೆಟ್. ಜಿಂಬಾಬ್ವೆ ಎದುರು ಭಾರತ 17ಕ್ಕೆ 5. ಕಪಿಲ್ ದೇವ್ ಔಟಾಗದೆ 175. ಅವನ ಜೊತೆ ಮೊದಲು ನಿಂತವನು ನಮ್ಮ ರೋಜರ್ ಬಿನ್ನಿ, 22. ಕೊನೆಗೆ ಮುರಿಯದ 126 ರನ್ನಿನ ಜೊತೆಯಾಟ ಕೊಟ್ಟವನು ನಮ್ಮ ಸೈಯದ್ ಕಿರ್ಮಾನಿ, ಔಟಾಗದೆ 24. ಅಲ್ಲಿ ಬಿಬಿಸಿ ಕ್ಯಾಮೆರಾ ಇರಲಿಲ್ಲ. ಬಿಬಿಸಿಯಲ್ಲಿ ಮುಷ್ಕರವಿತ್ತು ಎಂಬ ಕತೆ ಇವತ್ತಿಗೂ ಓಡಾಡುತ್ತಿದೆ. ಕಾಂಡೋಮಿನ ಕಾಟವಂತೂ ಅಲ್ಲಿರಲಿಲ್ಲ.

ಆ ಓಟದ ವರ್ಷವನ್ನು ಮತ್ತೆ ಕಟ್ಟಲು 2013ರಲ್ಲಿ ರಶ್ ಎಂಬ ಸಿನಿಮಾ ಬಂತು. ಹಳೆಯ ಕಾರುಗಳನ್ನು ಹುಡುಕಿ ತಂದರು, ಇಲ್ಲದ್ದನ್ನು ಹೊಸದಾಗಿ ಕಟ್ಟಿದರು. ಕಪಿಲ್‌ನ ಆಟ ಕಟ್ಟಲು 2021ರಲ್ಲಿ 83 ಎಂಬ ಸಿನಿಮಾ ಬಂತು. ರಣವೀರ್ ಸಿಂಗ್ ಬ್ಯಾಟ್ ಬೀಸಿದ. ಬಿಬಿಸಿ ನಾಲ್ಕು ಕ್ಯಾಮೆರಾ ಕಳಿಸದೆ ಉಳಿಸಿದ ಪುಡಿಗಾಸಿಗೆ ಬದಲಾಗಿ ಇನ್ಯಾರೋ ಕೋಟಿಗಟ್ಟಲೆ ಸುರಿದರು. ಹಾಗೆ ಸುರಿದೂ ನಮಗೆ ಸಿಕ್ಕಿದ್ದು ನಟರು.

ಕೊನೆಗೆ ಒಡೆಯರ ಸರದಿ. ಅಳಿಸುವಾಗ ಅದು ಕಸ, ಬೇರೆಯವನ ಮನೆಯಲ್ಲಿ ಸಿಕ್ಕರೆ ಅದು ಆಸ್ತಿ.

ಅಮೆರಿಕದ ಮೊದಲ ಸೂಪರ್ ಬೌಲ್ ನೋಡಿ. 1967ರ ಜನವರಿ. ಎರಡು ದೊಡ್ಡ ಟಿವಿ ಕಂಪನಿಗಳು ಏಕಕಾಲಕ್ಕೆ ಪ್ರಸಾರ ಮಾಡಿದವು. ಎರಡೂ ಟೇಪು ಕಳೆದವು. ಒಬ್ಬ ಸಾಮಾನ್ಯ ವೀಕ್ಷಕ ರೆಕಾರ್ಡ್ ಮಾಡಿಟ್ಟ ಟೇಪು ದಶಕಗಳ ನಂತರ ಅಟ್ಟದಲ್ಲಿ ಸಿಕ್ಕಿತು. ಫುಟ್‌ಬಾಲ್ ಲೀಗಿನವರು ಹಾರ ಹಾಕಿ ಕರೆದರೇ? 30 ಸಾವಿರ ಡಾಲರ್ ಕೊಡುತ್ತೇವೆ ಎಂದರು. ಮನೆಯವರು ಹತ್ತು ಲಕ್ಷ ಕೇಳಿದಾಗ, ಬೇರೆಯವರಿಗೆ ಮಾರಿದರೆ ಕೋರ್ಟಿಗೆ ಎಳೆಯುತ್ತೇವೆ ಎಂದರು. ಟೇಪು ಅವನದು, ಟೇಪಿನೊಳಗಿನ ಆಟ ಇವರದು. ಕಳೆದುಕೊಂಡವರು ಇವರು, ಜೋಪಾನ ಮಾಡಿದವನು ಕಳ್ಳ.

ಫಾರ್ಮುಲಾ ಒನ್ ಕೂಡ ಇದೇ ಜಾತಿ. 1981ರಲ್ಲಿ ಕಾಂಕಾರ್ಡ್ ಒಪ್ಪಂದವಾಗಿ ಟಿವಿ ಹಕ್ಕು ಎಕ್ಲೆಸ್ಟೋನ್ ಕೈಗೆ ಬಂತು. ಅಲ್ಲಿಂದ ಈಚೆಯದು ಒಂದು ಬೀರುವಿನಲ್ಲಿದೆ. ಅದಕ್ಕೂ ಹಿಂದಿನದು ದೇಶದೇಶದ ಟಿವಿಗಳ ಗೋದಾಮಿನಲ್ಲಿ ಚೆಲ್ಲಾಪಿಲ್ಲಿ. ವರ್ಷಗಟ್ಟಲೆ ಅಭಿಮಾನಿಗಳು ಮನೆಯ ಟೇಪಿನಿಂದ ಹಳೆಯ ಓಟಗಳನ್ನು ಇಂಟರ್ನೆಟ್ಟಿಗೆ ಏರಿಸಿದರು. ವರ್ಷಗಟ್ಟಲೆ ಕಂಪನಿ ಅವನ್ನು ಕಿತ್ತು ಹಾಕಿಸಿತು. 2017ರಲ್ಲಿ ಅಮೆರಿಕದ ಲಿಬರ್ಟಿ ಮೀಡಿಯಾ ಇಡೀ ಅಂಗಡಿಯನ್ನೇ ಕೊಂಡುಕೊಂಡಿತು. ಮರು ವರ್ಷ ಎಫ್1 ಟಿವಿ ಶುರುವಾಯಿತು. ಹಳೆಯ ಓಟಗಳನ್ನು ಈಗ ಚಂದಾ ಕಟ್ಟಿ ನೋಡಬಹುದು. ಅಭಿಮಾನಿಯ ಅಟ್ಟದಲ್ಲಿದ್ದರೆ ಕಳ್ಳಮಾಲು, ಕಂಪನಿಯ ಅಂಗಡಿಯಲ್ಲಿದ್ದರೆ ಪರಂಪರೆ. ಆ ಪರಂಪರೆಯಲ್ಲಿ 1976ರ ಬ್ರ್ಯಾಂಡ್ಸ್ ಹ್ಯಾಚ್ ಓಟ ಪೂರ್ತಿಯಾಗಿ ಹೇಗಿದ್ದೀತು? ಹಿಡಿದೇ ಇಲ್ಲದ್ದನ್ನು ಲಿಬರ್ಟಿಯೂ ಮಾರಲಾರದು.

ಆದ್ದರಿಂದ ಓದುಗರಲ್ಲಿ ಒಂದು ಮನವಿ. ಎಪ್ಪತ್ತರ ದಶಕದಲ್ಲಿ ಇಂಗ್ಲೆಂಡಿಗೆ ಹೋಗಿ ನೆಲೆಸಿದ ಕನ್ನಡಿಗರು ಸಾಕಷ್ಟಿದ್ದಾರೆ. ಡಾಕ್ಟರುಗಳು, ಎಂಜಿನಿಯರುಗಳು. ಅವರಲ್ಲಿ ಕೆಲವರು 8 ಎಂಎಂ ಕ್ಯಾಮೆರಾ ಕೊಂಡಿರುತ್ತಾರೆ, ಭಾನುವಾರ ಸುತ್ತಾಡಿರುತ್ತಾರೆ. ನಿಮ್ಮ ದೊಡ್ಡಪ್ಪನೋ ಸೋದರಮಾವನೋ ಅಲ್ಲಿದ್ದರೆ ಫೋನ್ ಮಾಡಿ, ಅಟ್ಟದ ಮೇಲಿನ ಡಬ್ಬಿ ಇಳಿಸಲು ಹೇಳಿ. ಹಳೆಯ ರೀಲಿನಿಂದ ವಿನೆಗರ್ ವಾಸನೆ ಬರುತ್ತಿದ್ದರೆ ಅದು ಹಾಳಾಗುತ್ತಿದೆ ಎಂದರ್ಥ, ತಡ ಮಾಡಬೇಡಿ. ಬ್ರ್ಯಾಂಡ್ಸ್ ಹ್ಯಾಚ್ ಎಂದು ಬರೆದ ರೀಲು ಸಿಕ್ಕರೆ ಮೊದಲು ಎರಡು ಪ್ರತಿ ಮಾಡಿಸಿ, ಬೇರೆ ಬೇರೆ ಮನೆಯಲ್ಲಿಡಿ. ಆಮೇಲೆ ಬೇಕಾದರೆ ಲೋಕಕ್ಕೆ ಹೇಳಿ. ವಕೀಲರ ನೋಟಿಸು ತಾನಾಗಿಯೇ ಬರುತ್ತದೆ.